ನೆಲ ಬಿಡುವ ಮೊದಲು ಒಂದು ಗ್ಲಾಸ್

ರಾವೂರಿನ ಕಲ್ಲಿನ ಕಂಪನಿಯ ಹೆಡ್ ಕ್ಲರ್ಕ್ ಗುರುಲಿಂಗಯ್ಯ ಒಂದು ಗ್ಲಾಸ್ ಸಂತ್ರಾ ರಸ ಕುಡಿದದ್ದರಿಂದ ಸ್ಟೋರ್‌ಕೀಪರ್ ಅಂಬಾರಾಯನ ನಿದ್ದೆ ಹಾಳಾಗಿ ಹತ್ತು ತಿಂಗಳಾಗಿತ್ತು.

ಆ ಕಿತ್ತಳೆ ರಸವನ್ನು ವಾಡಿ ಸ್ಟೇಷನ್ನಿನಲ್ಲೋ ಶಹಾಬಾದಿನ ಪೇಟೆಯಲ್ಲೋ ಕುಡಿದಿದ್ದರೆ ಅಂಬಾರಾಯನ ತಕರಾರಿರಲಿಲ್ಲ. ಗುರುಲಿಂಗಯ್ಯ ಕುಡಿದದ್ದು ವಿಮಾನದಲ್ಲಿ. ಎಪ್ಪತ್ನಾಲ್ಕರ ರೈಲು ಮುಷ್ಕರದ ಸಮಯದಲ್ಲಿ ಮುಂಬಯಿಯ ಹೆಡ್ಡಾಫೀಸಿಗೆ ಯಾವುದೋ ತುರ್ತು ಕಾಗದ ಮುಟ್ಟಿಸಬೇಕಾಗಿತ್ತು. ಮ್ಯಾನೇಜರ್ ಸಾಹೇಬರು ಮೊದಲು ಕರೆದದ್ದು ಅಂಬಾರಾಯನನ್ನೇ. ಆದರೆ ಆ ವಾರ ಅವನಿಗೆ ಕೂರಲಾಗದ ಜಾಗದಲ್ಲಿ ಕುರು ಎದ್ದಿತ್ತು. "ನಿಂತುಕೊಂಡು ಹೋಗ್ಲಿಕ್ಕ ವಿಮಾನ ಏನ್ ಬಸ್ಸೇನ್ರಿ?" ಎಂದು ಸಾಹೇಬರು ಗುರುಲಿಂಗಯ್ಯನನ್ನು ಹೈದರಾಬಾದಿಗೆ ಜೀಪಿನಲ್ಲಿ ಕಳಿಸಿ ವಿಮಾನ ಹತ್ತಿಸಿಬಿಟ್ಟರು.

ತಿರುಗಿ ಬಂದ ಗುರುಲಿಂಗಯ್ಯ ಕಾಗದದ ಸುದ್ದಿ ಎತ್ತಲೇ ಇಲ್ಲ.

"ವಿಮಾನ ಇನ್ನಾ ನೆಲ ಬಿಟ್ಟಿದ್ದಿಲ್ಲ ನೋಡ್ರಿ," ಎಂದು ಸುರು ಮಾಡುತ್ತಿದ್ದ. "ಆಕಿ ಬಂದಳು. ಕೈ ಮುಗದಳು. ಕನ್ನಡಿ ಹಂಗ ಹೊಳಿಯೋ ತಾಟಿನ್ಯಾಗ ಗಾಜಿನ ಗ್ಲಾಸ್. ಒಳಗ ಸಂತ್ರಾ ರಸ, ಹೊರಗ ಥಂಡಿಗೆ ಗ್ಲಾಸಿಗೇ ಬೆವರು ಬಂದಿತ್ತು. ಮ್ಯಾಲೆ ಹಾರಿದ ಮ್ಯಾಗ ಎಲ್ಲಾರಿಗೂ ಚಾ ಕೊಡ್ತಾರ, ಅದೇನ್ ದೊಡ್ಡದಲ್ಲ. ನೆಲ ಬಿಡೋಕಿಂತ ಮೊದಲ ಕೊಡೋದದ ಅಲಾ, ಅದು ಮರ್ಯಾದಿ!"

ಅಂದಿನಿಂದ ಯಾರ ಮನೆಯಲ್ಲಿ ಶರಬತ್ತು ಕೊಟ್ಟರೂ ಒಂದು ಗುಟುಕು ಕುಡಿದು, ಗ್ಲಾಸನ್ನು ಬೆಳಕಿಗೆ ಹಿಡಿದು, "ಛಲೋ ಅದ. ಆದ್ರ ವಿಮಾನದಾಗಿಂದು ಬ್ಯಾರೇನೇ" ಎನ್ನುವುದು ಅವನ ರೂಢಿಯಾಯಿತು. ಅವನ ಹೆಂಡತಿ ವಿಮಲಾಬಾಯಿ ವಿಮಾನದ ಕಾಗದದ ಕರವಸ್ತ್ರವೊಂದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ಕೆಳಗೆ ಊದುಬತ್ತಿ ಹಚ್ಚುವುದೊಂದು ಬಾಕಿ.

ಅಂಬಾರಾಯನ ಹೆಂಡತಿ ಲಲಿತಾಬಾಯಿ ಪಕ್ಕದ ಮನೆಯಿಂದ ಆ ಕರವಸ್ತ್ರ ನೋಡಿಕೊಂಡು ಬಂದ ದಿನ ಪಲ್ಯಕ್ಕೆ ಉಪ್ಪು ಹಾಕಲಿಲ್ಲ. "ಕುರು ಏಳ್ಲಿಕ್ಕ ನಿಮಗ ಬ್ಯಾರೆ ವಾರ ಸಿಗಲಿಲ್ಲೇನ್ರಿ?" ಎಂದಷ್ಟೇ ಕೇಳಿದಳು. ಅಂಬಾರಾಯ ಸಪ್ಪೆ ಪಲ್ಯವನ್ನೇ ತಲೆ ತಗ್ಗಿಸಿ ತಿಂದ.

ಇಂತಿಪ್ಪ ಅಂಬಾರಾಯನ ದೆಸೆ ತಿರುಗಿದ್ದು ಕಂಪನಿಯ ಕಲ್ಲು ಒಡೆಯುವ ಯಂತ್ರದ ಬೇರಿಂಗ್ ಮುರಿದಾಗ. ಯಂತ್ರ ನಿಂತಿತು. ಹೊಸ ಬೇರಿಂಗ್ ಮುಂಬಯಿಯಲ್ಲಿ ಮಾತ್ರ ಸಿಗುತ್ತಿತ್ತು. ಅದರ ನಂಬರು, ಅಳತೆ ಗೊತ್ತಿದ್ದವನು ಸ್ಟೋರ್‌ಕೀಪರ್ ಒಬ್ಬನೇ.

"ರೈಲಿನ್ಯಾಗ ಹೋಗ್ರಿ, ಬೇರಿಂಗ್ ಹಿಡಕೊಂಡು ವಿಮಾನದಾಗ ಬರ್ರಿ," ಎಂದರು ಮ್ಯಾನೇಜರ್ ಸಾಹೇಬರು. "ಹೈದರಾಬಾದಿಗೆ ಜೀಪ್ ಬಂದಿರ್ತದ. ಶುಕ್ರವಾರ ಸಂಜಿಕ ಯಂತ್ರ ತಿರುಗಲಿಲ್ಲಂದ್ರ ನನ್ನ ಕುರ್ಚಿನೂ ತಿರುಗತದ, ನಿಮ್ಮದೂ ತಿರುಗತದ."

ಅಂಬಾರಾಯನ ಕಿವಿಗೆ ಬಿದ್ದದ್ದು 'ವಿಮಾನ' ಎಂಬ ಮಾತೊಂದೇ.

ವಾಡಿ ಸ್ಟೇಷನ್ನಿಗೆ ಕಳಿಸಲು ಬಂದ ಲಲಿತಾಬಾಯಿ ಬುತ್ತಿಗಂಟಿನ ಜೊತೆ ಬುದ್ಧಿಮಾತನ್ನೂ ಕಟ್ಟಿಕೊಟ್ಟಳು. "ಎರಡು ಗ್ಲಾಸ್ ಕೇಳ್ರಿ. ನಾಚಿಕೊಂಡು ಕುಂದರಬ್ಯಾಡ್ರಿ. ಗ್ಲಾಸಿನ ಮ್ಯಾಲೆ ಏನ್ ಚಿತ್ರ ಅದ, ಎಲ್ಲಾ ನೋಡಿಕೊಂಡು ಬರ್ರಿ. ವಿಮಲಾಬಾಯಿ ಏನ್ ಕೇಳಿದ್ರೂ ನಾ ಹೇಳಂಗ ಇರಬೇಕು."

ಶುಕ್ರವಾರ ಬೆಳಿಗ್ಗೆ ಅಂಬಾರಾಯ ಮುಂಬಯಿಯಲ್ಲಿ ವಿಮಾನ ಹತ್ತಿ ಹದಿನಾಲ್ಕನೇ ಸಾಲಿನಲ್ಲಿ ಕುಳಿತಾಗ ಅವನ ಗಂಟಲು ಬೇಸಿಗೆಯ ಕಾಗಿಣಾ ನದಿಯಂತೆ ಒಣಗಿತ್ತು. ರಸಕ್ಕೆ ಹೊಟ್ಟೆಯಲ್ಲಿ ಜಾಗವಿರಲಿ ಎಂದು ಹಿಂದಿನ ರಾತ್ರಿಯಿಂದ ನೀರು ಸಹ ಮುಟ್ಟಿರಲಿಲ್ಲ.

ಪಕ್ಕದ ಸೀಟಿನವರು ಮಾತಿಗೆ ಸಿಕ್ಕರು. ಚಂದಾಪುರದ ಬಟ್ಟೆ ಅಂಗಡಿಯ ಅಬ್ದುಲ್ ಕರೀಮ್ ಸಾಹೇಬರು. ಮಗಳ ಲಗ್ನದ ಜವಳಿಗೆಂದು ಮುಂಬಯಿಗೆ ಬಂದವರು, ವಿಮಾನ ಅವರಿಗೆ ಹೊಸದಲ್ಲ.

"ಸಾಬ್, ಸಂತ್ರಾ ರಸ ಯಾವಾಗ ಕೊಡ್ತಾರ್ರಿ?" ಅಂಬಾರಾಯ ಮೊದಲ ಮಾತಿಗೇ ಕೇಳಿದ.

ಕರೀಮ್ ಸಾಹೇಬರು ನಕ್ಕರು. "ಅದು ದೇವರಿಗೇ ಗೊತ್ತು. ಹೋದ ಸಲ ಬಾಗಿಲ್ದಾಗೇ ನಿಂಬು ಶರಬತ್ ಕೊಟ್ರು. ಅದರ ಹಿಂದಿನ ಸಲ ನೀರ್ ಕೇಳಿದ್ರ ಬೈಯ್ಯೋದೊಂದ ಬಾಕಿ. ಒಂದೊಂದು ದಿನ ಒಂದೊಂದು ಕಾನೂನ್ರಿ ಇವರದು."

ಅಷ್ಟರಲ್ಲಿ ಗಗನಸಖಿ ತಾಟು ಹಿಡಿದು ಬಂದಳು. ಅಂಬಾರಾಯ ಅಂಗಿಯ ಕಾಲರು ಸರಿಮಾಡಿಕೊಂಡ. ತಾಟಿನಲ್ಲಿ ಇದ್ದದ್ದು ಪೆಪ್ಪರಮಿಂಟು, ಮತ್ತು ಕಿವಿಗೆ ಇಟ್ಟುಕೊಳ್ಳುವ ಹತ್ತಿ.

ಅಂಬಾರಾಯ ತನಗೆ ಬರುವ ಹಿಂದಿಯಲ್ಲಿ ರಸ ಕೇಳಿದ. ಅವಳು ನಗುತ್ತಲೇ, "ಹೊರಡುವ ಮುಂಚೆ ಕುಡಿಯಲು ಏನೂ ಕೊಡುವುದಿಲ್ಲ, ನಿಯಮ" ಎಂದು ಮುಂದೆ ಹೋದಳು.

ನಿಯಮವೆಂದ ಮೇಲೆ ಮುಗಿಯಿತು ಎಂದು ಅಂಬಾರಾಯ ಸುಮ್ಮನಾಗುತ್ತಿದ್ದನೇನೋ. ಆದರೆ ಮೂರನೇ ಸಾಲಿನಲ್ಲಿ ಸಫಾರಿ ಸೂಟಿನವನೊಬ್ಬನ ಕೈ ಮೇಲೆದ್ದಿತು. ಆ ಕೈಯಲ್ಲಿ ಗ್ಲಾಸಿತ್ತು. ಗ್ಲಾಸಿನಲ್ಲಿ ಸೂರ್ಯ ಹುಟ್ಟಿದಂಥ ಬಣ್ಣವಿತ್ತು.

ಅಂಬಾರಾಯ ತಲೆಯ ಮೇಲಿನ ಗುಂಡಿ ಒತ್ತಿದ. ಇನ್ನೊಬ್ಬ ಸಖಿ ಬಂದಳು.

"ಅವರು ಕೇಳಿದರು, ಕೊಟ್ಟೆವು," ಎಂದಳು.

"ನಾನೂ ಕೇಳಿದ್ದೆನಲ್ಲ?"

"ಅವರು ಕೂರುವ ಮೊದಲೇ ಕೇಳಿದರು."

ಅವಳು ಹೋದ ಮೇಲೆ ಒಂಬತ್ತನೇ ಸಾಲಿನ ಹೆಂಗಸೊಬ್ಬಳಿಗೆ ಗ್ಲಾಸು ಬಂತು. ಅವಳು ಕೂತು ಹತ್ತು ನಿಮಿಷವಾಗಿತ್ತು, ಯಾರನ್ನೂ ಏನೂ ಕೇಳಿರಲಿಲ್ಲ. ಅಂಬಾರಾಯ ಮತ್ತೆ ಗುಂಡಿ ಒತ್ತಿದ. ಈ ಸಲ ಮೀಸೆಯ ಗಂಡಸೊಬ್ಬ ಬಂದ. ಸಖಿಯರಿಗೆಲ್ಲ ಅವನೇ ಹಿರಿಯನಿದ್ದಂತಿತ್ತು.

"ರೋಗಿಗಳಿಗೆ ಕೊಡಬಹುದು. ಆ ಅಮ್ಮನಿಗೆ ತಲೆ ಸುತ್ತು."

"ಆ ಸಫಾರಿಯವರಿಗೂ ತಲೆ ಸುತ್ತೇ?"

"ಅವರು ದೊಡ್ಡ ಅಧಿಕಾರಿ."

"ನನಗೂ ತಲೆ ಸುತ್ತುತ್ತಿದೆ," ಎಂದ ಅಂಬಾರಾಯ. ಸುಳ್ಳೇನಲ್ಲ, ಹೊಟ್ಟೆಕಿಚ್ಚಿಗೆ ಅವನಿಗೆ ನಿಜವಾಗಿಯೂ ಕಣ್ಣು ಕತ್ತಲೆ ಬರುತ್ತಿತ್ತು.

ಮೀಸೆಯವನು ಅವನನ್ನು ಮೇಲಿಂದ ಕೆಳಗೆ ನೋಡಿ, ಕನಿಕರಪಟ್ಟವನಂತೆ ತಗ್ಗಿದ ದನಿಯಲ್ಲಿ ಹೇಳಿದ: "ನೋಡಿ, ವಿಮಾನ ಅರ್ಧ ಗಂಟೆಗಿಂತ ಹೆಚ್ಚು ತಡವಾದರೆ ಎಲ್ಲರಿಗೂ ರಸ ಕೊಡಬೇಕೆಂದು ನಿಯಮವಿದೆ. ಈಗಾಗಲೇ ಹತ್ತು ನಿಮಿಷ ತಡ. ನಿಮ್ಮ ಅದೃಷ್ಟ."

ಏಳು ಗಂಟೆಗೆ ಹೊರಡಬೇಕಿದ್ದ ವಿಮಾನ ಏಳೂಕಾಲಾದರೂ ಅಲ್ಲಾಡಲಿಲ್ಲ. ಸುತ್ತಲಿನವರೆಲ್ಲ ಗಡಿಯಾರ ನೋಡಿ ಗೊಣಗತೊಡಗಿದರು. ಒಬ್ಬನಿಗೆ ಕೋರ್ಟಿತ್ತು, ಇನ್ನೊಬ್ಬನಿಗೆ ಬೀಗರ ಊಟ. ಅಂಬಾರಾಯನೂ ಗಡಿಯಾರ ನೋಡಿದ. ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಇನ್ನೊಂದು ಹದಿನೈದು ನಿಮಿಷ ಈ ವಿಮಾನ ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡ.

ಏಳು ಇಪ್ಪತ್ತಕ್ಕೆ ಧ್ವನಿವರ್ಧಕ ಮಾತಾಡಿತು. ಚೀಟಿ ಹರಿದುಹೋದ ಒಂದು ಕಟ್ಟಿಗೆಯ ಪೆಟ್ಟಿಗೆ ಕೆಳಗಿದೆ, ಯಾರದೋ ಅವರು ಬಂದು ಗುರುತಿಸಬೇಕು, ಅದಕ್ಕಾಗಿಯೇ ವಿಮಾನ ನಿಂತಿದೆ.

ಬೇರಿಂಗು ಕಟ್ಟಿಗೆಯ ಪೆಟ್ಟಿಗೆಯಲ್ಲಿತ್ತು. ಅಂಬಾರಾಯ ಏಳಲು ಹೋದವನು ಅಲ್ಲೇ ಕುಸಿದ. ಈಗ ಹೋಗಿ ಗುರುತಿಸಿದರೆ ಐದು ನಿಮಿಷದ ಕೆಲಸ, ವಿಮಾನ ಏಳು ಇಪ್ಪತ್ತೈದಕ್ಕೇ ಹೊರಟುಬಿಡುತ್ತದೆ. ಹತ್ತು ನಿಮಿಷ ಬಾಯಿ ಮುಚ್ಚಿ ಕೂತರೆ ರಸ.

"ನಿಮ್ಮದೇನ್ರಿ?" ಕರೀಮ್ ಸಾಹೇಬರು ಕೇಳಿದರು. "ಪೆಟ್ಟಿಗಿ ತಂದೀನಿ ಅಂದಿದ್ರಿ?"

"ಕಟ್ಟಿಗಿ ಪೆಟ್ಟಿಗಿ ಜಗತ್ತಿನ್ಯಾಗ ಬೇಕಾದಷ್ಟು ಅವರೀ," ಎಂದು ಅಂಬಾರಾಯ ಕಿವಿಗೆ ಹತ್ತಿ ತುರುಕಿಕೊಂಡ.

ಏಳೂವರೆ. ಏಳು ಮೂವತ್ತೊಂದು. ಪರದೆ ಸರಿಯಿತು. ತಾಟುಗಳು ಹೊರಬಂದವು. ಒಂದೊಂದು ತಾಟಿನಲ್ಲಿ ಹನ್ನೆರಡು ಗ್ಲಾಸು, ಒಂದೊಂದು ಗ್ಲಾಸಿನ ಮೈಮೇಲೆ ಗುರುಲಿಂಗಯ್ಯ ವರ್ಣಿಸಿದ್ದ ಅದೇ ಬೆವರು. ಒಂದನೇ ಸಾಲು, ಎರಡನೇ ಸಾಲು. ಸಫಾರಿಯವನು ಎರಡನೇ ಗ್ಲಾಸು ತೆಗೆದುಕೊಂಡ. ತಲೆಸುತ್ತಿನ ಹೆಂಗಸೂ ಎರಡನೆಯದನ್ನು ತೆಗೆದುಕೊಂಡಳು. ಅವರಿಬ್ಬರೂ ಅಂಬಾರಾಯನಿಗೆ ಗುರುಲಿಂಗಯ್ಯನ ಖಾಸಾ ನೆಂಟರಂತೆ ಕಂಡರು.

ಹನ್ನೊಂದನೇ ಸಾಲಿಗೆ ತಾಟು ಬಂದಾಗ ಧ್ವನಿವರ್ಧಕ ಮತ್ತೆ ಮಾತಾಡಿತು. ಇದೇ ಕೊನೆಯ ಕರೆ. ಒಂದು ನಿಮಿಷದಲ್ಲಿ ಯಾರೂ ಬಾರದಿದ್ದರೆ ಪೆಟ್ಟಿಗೆಯನ್ನು ಇಲ್ಲೇ ಬಿಡಲಾಗುವುದು.

ಹತ್ತಿಯ ಮೂಲಕವೂ ಅದು ಸ್ಪಷ್ಟವಾಗಿ ಕೇಳಿಸಿತು. ಹನ್ನೆರಡನೇ ಸಾಲು. ನಿಂತ ಯಂತ್ರ ಕಣ್ಣ ಮುಂದೆ ಬಂತು, ತಿರುಗುವ ಕುರ್ಚಿ ಬಂತು. ತಾಟು ಹದಿಮೂರನೇ ಸಾಲಿಗೆ ಬಗ್ಗಿತು. ಅಂಬಾರಾಯ ಕೈ ಚಾಚಿದ, ಚಾಚಿದ ಕೈಯನ್ನೇ ಮೇಲಕ್ಕೆತ್ತಿ, "ನಂದು! ಪೆಟ್ಟಿಗಿ ನಂದೂ!" ಎಂದು ಕನ್ನಡದಲ್ಲೇ ಕಿರುಚಿಕೊಂಡು ಬಾಗಿಲಿಗೆ ಓಡಿದ.

ಕೆಳಗೆ ತಳ್ಳುಗಾಡಿಯ ಬಳಿ ಸಾಮಾನು ಬಿದ್ದಿತ್ತು. ಅದರ ನಡುವೆ ಚೀಟಿಯಿಲ್ಲದ ಕಟ್ಟಿಗೆಯ ಪೆಟ್ಟಿಗೆ ಒಂದಲ್ಲ, ಎರಡಿದ್ದವು. ಹಮಾಲ ಯಾವುದೆಂದು ಕೇಳಿದ. ಅಂಬಾರಾಯನ ಕಣ್ಣು ವಿಮಾನದ ದುಂಡು ಕಿಟಕಿಗಳ ಮೇಲಿತ್ತು. ಒಂದೊಂದು ಕಿಟಕಿಯಲ್ಲೂ ಒಂದೊಂದು ಗ್ಲಾಸು ಏಳುತ್ತಿತ್ತು, ಇಳಿಯುತ್ತಿತ್ತು.

"ಇದೇ, ಇದೇ!" ಎಂದು ಕಟ್ಟಿಗೆಯ ಪೆಟ್ಟಿಗೆಯೊಂದಕ್ಕೆ ಕೈ ತೋರಿಸಿದ.

"ಪಕ್ಕಾ?"

"ಪಕ್ಕಾ ಅಂದರೆ ಪಕ್ಕಾ!" ಎಂದು ಮೆಟ್ಟಿಲು ಎರಡೆರಡಾಗಿ ಹಾರಿ ಮೇಲೆ ಬಂದ.

ಒಳಗೆ ಸಖಿಯರು ಖಾಲಿ ಗ್ಲಾಸು ಬಳಿದುಕೊಂಡು ಹೋಗುತ್ತಿದ್ದರು. ಎಂಜಿನ್ ಗುರ್ರೆಂದಿತು. ಎಂಜಿನ್ ಸುರುವಾದ ಮೇಲೆ ಯಾರಿಗೂ ಏನೂ ಕೊಡಕೂಡದೆಂದು ಮೀಸೆಯವನು ಇನ್ನೊಂದು ನಿಯಮ ಹೇಳಿ ಅವನನ್ನು ಕೂರಿಸಿ ಸೀಟಿನ ಪಟ್ಟಿ ಬಿಗಿದ.

"ನಿಮ್ಮ ಪಾಲಿಂದು ಇಲ್ಲೇ ಇಟ್ಟಿದ್ದಳ್ರಿ," ಎಂದರು ಕರೀಮ್ ಸಾಹೇಬರು ಬಾಯಿ ಒರೆಸಿಕೊಳ್ಳುತ್ತ. "ಥಂಡ ಹೋಗಿ ಖರಾಬ್ ಆಗ್ತದಂತ ನಾನೇ ಕುಡದುಬಿಟ್ಟೆ."

"ಹ್ಯಾಂಗಿತ್ತು?" ಅಂಬಾರಾಯನ ದನಿ ಬಾವಿಯ ತಳದಿಂದ ಬಂತು.

"ಸುಳ್ಳ ಯಾಕ ಹೇಳ್ಲಿ? ನಂದಕ್ಕಿಂತ ನಿಮ್ಮದೇ ಛಲೋ ಇತ್ತು."

ಮೇಲೆ ಹಾರಿದ ಮೇಲೆ ರಸ ಮುಗಿದಿತ್ತು. ಅವನ ಪಾಲಿಗೆ ಬಂದದ್ದು ನಾಲಿಗೆ ಸುಡುವ ಕಾಫಿ.

ಹೈದರಾಬಾದಿನಲ್ಲಿ ಕಂಪನಿಯ ಜೀಪಿನೊಂದಿಗೆ ಡ್ರೈವರ್ ಶೌಕತ ಅಲಿ ಕಾಯುತ್ತಿದ್ದ. ಪೆಟ್ಟಿಗೆಯನ್ನು ಹಿಂದೆ ಹಾಕಿ, ಸ್ಟೇರಿಂಗು ಹಿಡಿದವನೇ ಕೇಳಿದ: "ಸ್ಟೋರ್ ಸಾಬ್, ಕೊಟ್ರೇನ್ರಿ?"

ಏನು ಕೊಟ್ಟರೆಂದು ಕೇಳುವ ಅಗತ್ಯವಿರಲಿಲ್ಲ. ಇಡೀ ರಾವೂರು ಬೆಳಗಿನಿಂದ ಅದನ್ನೇ ಮಾತಾಡುತ್ತಿರಬೇಕು. ಅಂಬಾರಾಯನಿಗೆ ಲಲಿತಾಬಾಯಿಯ ಮುಖ ನೆನಪಾಯಿತು, ಅದರ ಹಿಂದೆಯೇ ವಿಮಲಾಬಾಯಿಯದು.

"ಕೊಡಲಾರದ ಏನ್ ಮಾಡ್ತಾರ?" ಎಂದ.

"ಗುರುಲಿಂಗಯ್ಯನೋರಿಗೂ ಒಂದ್ ಕೊಟ್ಟಿದ್ರಲ್ರಿ," ಎಂದ ಶೌಕತ ಅಲಿ, ಅಷ್ಟೇನೂ ಬೆರಗಾಗದೆ.

ಅದು ಅಂಬಾರಾಯನಿಗೆ ಚುಚ್ಚಿತು. "ನಂಗ ಎರಡು ಕೊಟ್ರು," ಎಂದ.

ಶೌಕತ ಅಲಿ ಬೆರಗಾದ. ತಾಂಡೂರು ದಾಟುವವರೆಗೆ ಆ ಎರಡು ಗ್ಲಾಸುಗಳ ವಿವರವನ್ನೆಲ್ಲ ಕೇಳಿಕೊಂಡ. ಸೇಡಂನಲ್ಲಿ ಚಹಾಕ್ಕೆ ನಿಂತಾಗ ಅಂಗಡಿಯವನಿಗೂ, ಅಲ್ಲಿ ಕೂತ ನಾಲ್ಕು ಜನಕ್ಕೂ ತಾನೇ ಕುಡಿದು ಬಂದವನಂತೆ ಸಾರಿದ. ಅವರಲ್ಲೊಬ್ಬ, "ಎರಡೇನು ದೊಡ್ಡದು, ನಮ್ಮ ಬೀಗರಿಗೂ ಎರಡು ಕೊಟ್ಟಿದ್ರು" ಎಂದುಬಿಟ್ಟ. ಹೀಗಾಗಿ ಚಿತ್ತಾಪುರ ಬರುವ ಹೊತ್ತಿಗೆ ಗ್ಲಾಸು ಮೂರಾಗಿ, ಮೂರನೆಯದರಲ್ಲಿ ದ್ರಾಕ್ಷಿ ರಸವಿತ್ತು.

"ಸಾಬ್, ಹಿಂದ ಪೆಟ್ಟಿಗ್ಯಾಗ ಏನೋ ಗಳಗಳ ಅನ್ಲಿಕತ್ತದ," ಎಂದ ಶೌಕತ ಅಲಿ.

"ಬೇರಿಂಗಿನ ಗುಂಡು ಅವ. ಅನ್ನದ ಏನ್ ಮಾಡ್ತಾವ? ನೀ ಮುಂದ ನೋಡಿ ಹೊಡಿ."

ನಾಲ್ಕು ಗಂಟೆಗೆ ಜೀಪು ಕಂಪನಿಯ ಅಂಗಳಕ್ಕೆ ಬಂತು. ವಿಮಾನದಲ್ಲಿ ಬಂದ ಸಾಮಾನು ನೋಡಲು ಕ್ವಾರ್ಟರ್ಸಿನ ಹೆಂಗಸರೆಲ್ಲ ಸೇರಿದ್ದರು. ಶೌಕತ ಅಲಿ ಎಂಜಿನ್ ಆರಿಸುವ ಮೊದಲೇ ಕೂಗಿ ಹೇಳಿದ: "ಮೂರು ಗ್ಲಾಸ್!"

ಲಲಿತಾಬಾಯಿ ಸೆರಗು ಸರಿಪಡಿಸಿಕೊಂಡು ವಿಮಲಾಬಾಯಿಯ ಕಡೆ ತಿರುಗಿದಳು. ವಿಮಲಾಬಾಯಿಯ ಮುಖ ಹಿಂಡಿದ ನಿಂಬೆಹೋಳಿನಂತಾಯಿತು. ಹತ್ತು ತಿಂಗಳಲ್ಲಿ ಮೊದಲ ಸಲ ಗುರುಲಿಂಗಯ್ಯ ತಲೆ ತಗ್ಗಿಸಿ ನೆಲ ನೋಡಿದ.

"ಮೂರೂ ನೆಲ ಬಿಡೋಕಿಂತ ಮೊದಲೇ?" ಎಂದು ಅವನು ಮೆಲ್ಲಗೆ ಕೇಳಿದ.

"ಬ್ಯಾಡ ಬ್ಯಾಡ ಅಂದ್ರೂ ಬಿಡಲಿಲ್ರೀ ಅಯ್ಯನೋರೇ," ಎಂದ ಅಂಬಾರಾಯ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು, ಆದರೂ ಆ ಗಳಿಗೆಯಲ್ಲಿ ಅವನಿಗೆ ಬಾಯಾರಿಕೆಯ ನೆನಪಿರಲಿಲ್ಲ.

ಮ್ಯಾನೇಜರ್ ಸಾಹೇಬರು ಬಂದರು. ಫಿಟ್ಟರ್ ಕಾಶಪ್ಪ ಹಾರೆ ಹಾಕಿ ಪೆಟ್ಟಿಗೆಯ ಹಲಗೆ ಎಬ್ಬಿಸಿದ. ಒಣಹುಲ್ಲು ತೆಗೆದ. ಇನ್ನಷ್ಟು ತೆಗೆದ. ಆಮೇಲೆ ಕೈ ಒಳಗೆ ಹಾಕಿದವನು ಹಾಗೇ ನಿಂತ.

"ಸಾಹೇಬ್ರ, ಇದರಾಗ ಬೇರಿಂಗ್ ಇಲ್ರೀ. ಬಾಟ್ಲಿ ಅವ."

ಒಂದನ್ನು ಮೇಲಕ್ಕೆತ್ತಿ ಹಿಡಿದ. ಇಳಿಬಿಸಿಲಿನಲ್ಲಿ ಬಾಟಲಿ ಕೆಂಡಸಂಪಿಗೆಯಂತೆ ಹೊಳೆಯಿತು. ಮೇಲೆ ದಪ್ಪ ಸಂತ್ರಾ ಹಣ್ಣಿನ ಚಿತ್ರ. ನೀರು ಬೆರೆಸಿ ಕುಡಿಯುವ ಸಂತ್ರಾ ರಸದ ಬಾಟಲಿಗಳು, ಎರಡು ಡಜನ್.

ಮ್ಯಾನೇಜರ್ ಸಾಹೇಬರು ಬಾಟಲಿಯನ್ನು ನೋಡಿದರು, ಅಂಬಾರಾಯನನ್ನು ನೋಡಿದರು.

"ಮೂರ್ ಗ್ಲಾಸ್ ಸಾಲಲಿಲ್ಲೇನ್ರೀ ನಿಮಗ?"

ಮೊದಲು ನಕ್ಕದ್ದು ವಿಮಲಾಬಾಯಿ. ಆಮೇಲೆ ಇಡೀ ಅಂಗಳ ನಕ್ಕಿತು. ನಗದವರು ಮೂವರೇ: ಸಾಹೇಬರು, ಅಂಬಾರಾಯ, ಲಲಿತಾಬಾಯಿ.

ಮುಂಬಯಿಗೆ ಟ್ರಂಕ್ ಕಾಲ್ ಹೋಯಿತು. ಬೇರಿಂಗಿನ ಪೆಟ್ಟಿಗೆ ಅಲ್ಲೇ ವಾರಸುದಾರರಿಲ್ಲದೆ ಬಿದ್ದಿತ್ತು. ಬಾಟಲಿಗಳು ಹೈದರಾಬಾದಿನ ಯಾವುದೋ ಹೋಟೆಲಿನವು. ಅವನ್ನು ನಾಳೆಯೇ ಮುಟ್ಟಿಸದಿದ್ದರೆ ಪೊಲೀಸರಿಗೆ ಹೇಳುವುದಾಗಿ ಹೋಟೆಲಿನವನು ಕೂಗಾಡುತ್ತಿದ್ದನಂತೆ.

"ಕಾಶಪ್ಪ, ಒಂದ್ ಬಾಟ್ಲಿನೂ ಮುಟ್ಟಬ್ಯಾಡ್ರಿ. ಮೊಳಿ ಹೊಡೀರಿ," ಎಂದರು ಸಾಹೇಬರು. "ಅಂಬಾರಾಯ, ಹೆಡ್ಡಾಫೀಸಿನವರ ಕಡೆ ಎರಡು ದಿನ ಟೈಮ್ ಕೇಳಿಕೊಂಡೀನಿ. ನಿಮ್ಮ ಕುರ್ಚಿ ಈಗ ಉಳೀತು. ಆದ್ರ ಇನ್ ಮುಂದ ನೀವು ವಾಡಿ ದಾಟಬ್ಯಾಡ್ರಿ. ಗುರುಲಿಂಗಯ್ಯ! ನಾಳೆ ನೀವು ಹೋಗ್ರಿ. ಬಾಟ್ಲಿ ಹೋಟೆಲಿಗೆ ಕೊಡ್ರಿ, ವಿಮಾನ ಹತ್ರಿ, ಬೇರಿಂಗ್ ತಗೊಂಡು ಮರುದಿನ ವಿಮಾನದಾಗೇ ಬರ್ರಿ."

ಹೋಗುವಾಗಲೂ ವಿಮಾನ, ಬರುವಾಗಲೂ ವಿಮಾನ. ಅಂಬಾರಾಯ ಮನೆಗೆ ಹೋಗಿ ಕೊಡದ ಮುಂದೆ ಕೂತು ಒಂದರ ಹಿಂದೊಂದು ನಾಲ್ಕು ಚೆಂಬು ನೀರು ಕುಡಿದ. ಎದೆಯೊಳಗಿನ ಉರಿ ಆರಲಿಲ್ಲ. ಲಲಿತಾಬಾಯಿ ಆ ದಿನ ಪಲ್ಯವನ್ನೇ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಪೆಟ್ಟಿಗೆ ಜೀಪಿಗೇರಿಸುವಾಗ ಗುರುಲಿಂಗಯ್ಯ ಅಂಬಾರಾಯನನ್ನು ಬೇವಿನ ಗಿಡದ ಮರೆಗೆ ಕರೆದುಕೊಂಡು ಹೋದ. ಆಚೀಚೆ ನೋಡಿದ.

"ಅಂಬಾರಾಯ, ನಿಮ್ಮ ಮುಂದ ಒಂದ್ ಮಾತ್ ಹೇಳ್ತೀನಿ, ಯಾರ ಮುಂದೂ ಆಡಬ್ಯಾಡ್ರಿ. ಹೋದ ಸಲ ನಂಗ ರಸ ಗಿಸ ಏನೂ ಕೊಟ್ಟಿಲ್ರೀ. ಬರೇ ಪೆಪ್ಪರಮಿಂಟು. ಪಕ್ಕದಾಂವ ಕುಡೀಲಿಕತ್ತಿದ್ದ, ನಾ ನೋಡಿಕೊಂತ ಕುಂತಿದ್ದೆ. ಹೊಟ್ಟಿ ಉರದು, ಬಂದು ಹಂಗ ಹೇಳಿಬಿಟ್ಟೆ." ಅವನ ಕಣ್ಣಲ್ಲಿ ನೀರಿತ್ತು. "ನಿಮಗ ಮೂರ್ ಸಿಕ್ಕಾವಲಾ, ಅದ್ಹ್ಯಾಂಗ ಅನ್ನೋದು ಹೇಳ್ರಿ. ಯಾವ ಸೀಟು? ಏನಂತ ಕೇಳಿದ್ರಿ?"

ಅಂಬಾರಾಯ ಬಾಯಿ ತೆರೆದ. ಹತ್ತು ತಿಂಗಳ ನಿದ್ದೆ, ಸಪ್ಪೆ ಪಲ್ಯ, ಎಲ್ಲವೂ ಒಂದು ಪೆಪ್ಪರಮಿಂಟಿಗಾಗಿ ಹೋಗಿದ್ದವು. ಇದನ್ನು ಊರಿಗೆಲ್ಲ ಸಾರಬಹುದಿತ್ತು. ಸಾರಿದರೆ ಜನ ಮುಂದಿನ ಪ್ರಶ್ನೆ ತನ್ನನ್ನೇ ಕೇಳುತ್ತಾರೆ. ಅವನು ಬಾಯಿ ಮುಚ್ಚಿದ. ಮತ್ತೆ ತೆರೆದು, "ಹದಿನಾಲ್ಕನೇ ಸಾಲು. ಕುಂದರೋಕಿಂತ ಮೊದಲೇ ಕೇಳ್ರಿ. ತಲಿ ಸುತ್ತಾಕತ್ತದ ಅನ್ರಿ" ಎಂದ. ಗುರುಲಿಂಗಯ್ಯ ಅದನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡು, ಅವನ ಎರಡೂ ಕೈ ಹಿಡಿದು ಒತ್ತಿ, ಜೀಪು ಹತ್ತಿದ.

ಮೂರನೇ ದಿನ ಬೇರಿಂಗು ಬಂತು. ಯಂತ್ರ ತಿರುಗಿತು. ಅಂಗಳದಲ್ಲಿ ಎಲ್ಲರೂ ಸುತ್ತುವರಿದು ಕೇಳಿದಾಗ ಗುರುಲಿಂಗಯ್ಯ ಅಂಬಾರಾಯನ ಕಡೆ ನೋಡಿ ಪ್ರೀತಿಯಿಂದ ನಕ್ಕ.

"ಹೋಗುವಾಗ ಎರಡು, ಬರುವಾಗ ಎರಡು. ಎಲ್ಲಾ ನೆಲ ಬಿಡೋಕಿಂತ ಮೊದಲೇ," ಎಂದ.

ಇವನು ಹೋದ ಸಲ ಸುಳ್ಳು ಹೇಳಿದ್ದನೆಂದು ಅಂಬಾರಾಯನಿಗೆ ಗೊತ್ತಿತ್ತು. ಈ ಸಲವೂ ಹೇಳುತ್ತಿರಬಹುದು. ಖರೆಯೋ ಸುಳ್ಳೋ ಎಂದು ಅವನು ಗುರುಲಿಂಗಯ್ಯನ ತುಟಿಗಳನ್ನೇ ದಿಟ್ಟಿಸಿ ನೋಡಿದ. ಅವು ಸ್ವಲ್ಪ ಕಿತ್ತಳೆ ಬಣ್ಣಕ್ಕೆ ತಿರುಗಿದಂತೆ ಕಂಡವು. ಅವತ್ತು ರಾತ್ರಿಯೂ ಅಂಬಾರಾಯನಿಗೆ ನಿದ್ದೆ ಬರಲಿಲ್ಲ.